ಸಮವಸ್ತ್ರ ಕಳಚಿದ ಮೇಲೆ

ಮೊದಲು ಓದಿಕೊಳ್ಳಿರಿ: ಅರಸುಗಳು, ಪ್ರಥಮ ಭಾಗ 19:1-18

ಪ್ರತಿ ವರ್ಷ ಜುಲೈ 26ರಂದು ಕಾರ್ಗಿಲ್ ವಿಜಯದ ನೆನಪಿಗಾಗಿ ಮಂಗಳೂರಿನ ಕದ್ರಿ ಯುದ್ಧ ಸ್ಮಾರಕದಲ್ಲಿ ಹೂಮಾಲೆ ಅರ್ಪಿಸಲಾಗುತ್ತದೆ. ಮಡಿದವರನ್ನು ನೆನೆಯುವುದು ನಮ್ಮ ಕರ್ತವ್ಯ. ಆದರೆ ಬದುಕಿ ಮರಳಿದವರನ್ನು ನಾವು ಎಷ್ಟು ದಿನ ನೆನೆಯುತ್ತೇವೆ? ನಮ್ಮ ಜವಾನರಲ್ಲಿ ಹಲವರು ನಲವತ್ತು ತುಂಬುವ ಮೊದಲೇ ನಿವೃತ್ತರಾಗಿ ಮನೆಗೆ ಬರುತ್ತಾರೆ. ರೈಲು ನಿಲ್ದಾಣದಲ್ಲಿ ಹಾರ, ಇಗರ್ಜಿಯಲ್ಲಿ ಸನ್ಮಾನ. ಹಾರ ಬಾಡಿದ ಮೇಲೆ ಮನೆಯವರಿಗೆ ಬೇರೊಂದು ಚಿತ್ರ ಕಾಣತೊಡಗುತ್ತದೆ. ಅವರಿಗೆ ರಾತ್ರಿ ನಿದ್ದೆಯಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ. ಮಾತು ಕಡಿಮೆ, ಸಿಟ್ಟು ಹೆಚ್ಚು. ಕೆಲವೊಮ್ಮೆ ಕುಡಿತವೂ ಜೊತೆಗೂಡುತ್ತದೆ.

ಚಿನ್ನದ ನೆಲದಲ್ಲಿ

ಸೈನ್ಯ ಬಿಟ್ಟ ಮೇಲೆ ಮುಂದೇನು ಎಂಬ ಪ್ರಶ್ನೆ ಹಳೆಯದು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಹೋರಾಡಿ ನಿವೃತ್ತನಾದ ಐರಿಷ್ ಸೈನಿಕ ಮೈಕೆಲ್ ಫಿಟ್ಜೆರಾಲ್ಡ್ ಲವೆಲ್ ಬೆಂಗಳೂರಿನಲ್ಲಿ ನೆಲೆಸಿದನು. ಸುಮ್ಮನಿರಲಾರದೆ 1871ರಲ್ಲಿ ಎತ್ತಿನ ಗಾಡಿಯೇರಿ ಕೋಲಾರಕ್ಕೆ ಹೋದನು. 1873ರಲ್ಲಿ ಅಲ್ಲಿ ಚಿನ್ನ ತೆಗೆಯಲು ಮೈಸೂರು ಸರಕಾರದ ಅನುಮತಿ ಪಡೆದನು. ಮುಂದೆ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಉಳಿದಿರುವುದು ಗಣಿಮಣ್ಣಿನ ಬೂದುಬಣ್ಣದ ಗುಡ್ಡಗಳು.

ಇಂಥದೇ ಇನ್ನೊಂದು ನೆಲ ಆಸ್ಟ್ರೇಲಿಯದಲ್ಲಿದೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಕ್‌ಹ್ಯಾಂಪ್ಟನ್ ನಗರದ ಉತ್ತರಕ್ಕಿರುವ ಕನೂನಾ ಎಂಬಲ್ಲಿಗೆ 1858ರಲ್ಲಿ ಚಿನ್ನದಾಸೆಯಿಂದ ಸಾವಿರಾರು ಜನ ನುಗ್ಗಿದರು. ಹೆಚ್ಚಿನವರು ಬರಿಗೈಯಲ್ಲಿ ಹಿಂದಿರುಗಿದರು. ಆ ಸೀಮೆಯ ಕಾಡುನೆಲಕ್ಕೆ ಈಚಿನ ಕಾಲದಲ್ಲಿ ಮಾಜಿ ಸೈನಿಕರು ಬಂದರು. ಅವರು ಚಿನ್ನ ಹುಡುಕಲಿಲ್ಲ. ತಮ್ಮಂಥವರು ಬಂದು ತಂಗಲೆಂದು ಕಾಕ್ಸ್‌ಕೋಂಬ್ ಎಂಬ ವಿಶ್ರಾಂತಿ ತಾಣವನ್ನು ಕಟ್ಟಿಕೊಂಡರು.

ಇದರ ಹಿಂದೆ ದೊಡ್ಡ ನೋವಿದೆ. ವಿಯೆಟ್ನಾಂ ಯುದ್ಧಕ್ಕೆ ಆ ದೇಶದಿಂದ ಸುಮಾರು 60,000 ಮಂದಿ ಹೋದರು. 500ಕ್ಕೂ ಹೆಚ್ಚು ಮಂದಿ ಮಡಿದರು. ಜನರಿಗೆ ಆ ಯುದ್ಧ ಬೇಡವಾಗಿತ್ತು. ಆ ಅಸಮಾಧಾನದ ಬಿಸಿ ಮರಳಿ ಬಂದ ಸೈನಿಕರಿಗೂ ತಟ್ಟಿತು. ಅವರನ್ನು ದೇಶವು ಮೆರವಣಿಗೆಯಲ್ಲಿ ಸ್ವಾಗತಿಸಿದ್ದು 1987ರ ಅಕ್ಟೋಬರ್ 3ರಂದು, ಸಿಡ್ನಿಯಲ್ಲಿ. ಅಷ್ಟರಲ್ಲಿ ಯುದ್ಧ ಬಿಟ್ಟು ಬಂದು ಹದಿನೈದು ವರ್ಷಗಳೇ ಸಂದಿದ್ದವು. ಮನಸ್ಸಿನ ಈ ಗಾಯವನ್ನು ಅಮೆರಿಕದ ಮನೋವೈದ್ಯರ ಸಂಘವು ಒಂದು ರೋಗವೆಂದು ಹೆಸರಿಸಿದ್ದೂ 1980ರಲ್ಲಿ. ಹೀಗಾಗಿ ಗಾಯಗೊಂಡವರು ಒಬ್ಬರಿಗೊಬ್ಬರು ಆಸರೆಯಾದರು. ಜೊತೆಯಾಗಿ ಕೆಲಸ ಮಾಡುವುದು, ಬೆಂಕಿಯ ಸುತ್ತ ಕುಳಿತುಕೊಳ್ಳುವುದು, ಬೇಕಾದರೆ ಮಾತು, ಬೇಡವಾದರೆ ಮೌನ. ಗಾಯಗೊಂಡ ಮನಸ್ಸಿಗೆ ಇವೂ ಔಷಧವೇ.

ಎಲೀಯನಿಗೆ ದೇವರು ಮಾಡಿದ್ದು

ಪ್ರವಾದಿ ಎಲೀಯನನ್ನು ನೋಡಿರಿ. ಕರ್ಮೆಲ್ ಬೆಟ್ಟದಲ್ಲಿ ಅವನಿಗೆ ಜಯವಾಯಿತು, ರಕ್ತವೂ ಹರಿಯಿತು. ಮರುದಿನವೇ ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿದನು. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಅಡವಿಗೆ ಹೋದನು. ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದನು.

ದೇವರು ಆಗ ಏನು ಮಾಡಿದರು? ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಮಲಗಲು ಬಿಟ್ಟರು. ದೇವದೂತನ ಕೈಯಿಂದ ಬಿಸಿ ರೊಟ್ಟಿ, ನೀರು ಕೊಡಿಸಿದರು. ತಿಂದು ಪುನಃ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ಉಣಿಸಿದರು. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲಷ್ಟೇ ಇಲ್ಲೇನು ಮಾಡುತ್ತಿರುವೆ ಎಂದು ವಿಚಾರಿಸಿದರು. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಎಲೀಯ ಎರಡು ಸಲವೂ ಅದೇ ದುಃಖವನ್ನು ತೋಡಿಕೊಂಡನು. ಇದನ್ನು ಆಗಲೇ ಹೇಳಿದೆಯಲ್ಲ ಎಂದು ದೇವರು ತಡೆಯಲಿಲ್ಲ. ಕೊನೆಯಲ್ಲಿ ಹೊಸ ಕೆಲಸವನ್ನೂ ಎಲೀಷನೆಂಬ ಜೊತೆಗಾರನನ್ನೂ ಕೊಟ್ಟು ಕಳುಹಿಸಿದರು.

ಮೊದಲು ನಿದ್ದೆ, ಊಟ, ಅನಂತರ ಮಾತು, ಕೊನೆಗೆ ಕೆಲಸ. ನಾವು ಈ ಕ್ರಮವನ್ನು ತಿರುವುಮುರುವು ಮಾಡುತ್ತೇವೆ. ಬಂದ ವಾರದಲ್ಲೇ ಮುಂದೇನು ಕೆಲಸ ಎಂದು ಕೇಳುತ್ತೇವೆ, ಪ್ರಾರ್ಥನೆ ಸಾಲದೆಂದು ದೂರುತ್ತೇವೆ.

ಮಂಗಳೂರಿಗೆ ಬಂದ ಕೊಡುಗೆ

ಸಂತ ಇಗ್ನೇಷಿಯಸ್ ಲೊಯೋಲಾ ಕೂಡ ಗಾಯಗೊಂಡ ಯೋಧರೇ. 1521ರಲ್ಲಿ ಪಂಪ್ಲೋನಾದಲ್ಲಿ ತೋಪಿನ ಗುಂಡು ಅವರ ಕಾಲನ್ನು ಮುರಿಯಿತು. ಮರುವರ್ಷ ಮನ್ರೇಸಾ ಊರಿನಲ್ಲಿ ಕೆಲವೇ ದಿನ ಇರಲೆಂದು ತಂಗಿದವರು ಹೆಚ್ಚುಕಡಿಮೆ ಹನ್ನೊಂದು ತಿಂಗಳು ಉಳಿದರು. ಅಲ್ಲಿಯ ಕಣ್ಣೀರು, ಮೌನಗಳಿಂದ ಅವರ ಆಧ್ಯಾತ್ಮಿಕ ಸಾಧನೆಗಳು ಹುಟ್ಟಿದವು. 1878ರಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಾಗ ಅವನ್ನೂ ತಂದರು. ಕಂಕನಾಡಿಯ ಫಾತಿಮಾ ರಿಟ್ರೀಟ್ ಹೌಸಿನಲ್ಲಿ ಧ್ಯಾನಕೂಟಕ್ಕೆ ಕುಳಿತ ನಾವೆಲ್ಲರೂ ಒಬ್ಬ ಗಾಯಾಳು ಸೈನಿಕನ ಸಾಲಗಾರರು.

ಮನೆಯಲ್ಲಿ ನಾವು ಮಾಡಬಹುದಾದದ್ದು

ಎಲ್ಲರಿಗೂ ಕಾಡಿನಲ್ಲಿ ತಾಣ ಕಟ್ಟಲಾಗದು. ಮನೆಯ ಜಗಲಿಯೂ ತಾಣವಾಗಬಲ್ಲದು. ಮರಳಿದವರು ಸುಮ್ಮನಿದ್ದರೆ ಕೆದಕಬೇಡಿ. ಹೇಳಿದ್ದನ್ನೇ ಹೇಳಿದರೆ ತಡೆಯಬೇಡಿ. ತೋಟದಲ್ಲಿಯೋ ಇಗರ್ಜಿಯ ಹಬ್ಬದ ತಯಾರಿಯಲ್ಲಿಯೋ ಕೈಗೆ ಕೆಲಸ ಕೊಡಿರಿ. ವಾಳೆಯ ಗುರಿಕಾರರು ಊರಿನ ಮಾಜಿ ಸೈನಿಕರನ್ನು ವರ್ಷಕ್ಕೊಮ್ಮೆಯಾದರೂ ಒಟ್ಟುಗೂಡಿಸಲಿ. ನಿದ್ದೆಗೇಡು, ಕುಡಿತ, ಸಾಯುವ ಮಾತು ಕಂಡರೆ ಪ್ರಾರ್ಥನೆಯೊಂದಿಗೆ ಮನೋವೈದ್ಯರನ್ನೂ ಕಾಣಿರಿ; ಅದರಲ್ಲಿ ನಾಚಿಕೆಯಿಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ಎಲೀಯನಿಗೆ ರೊಟ್ಟಿ ತಂದ ದೂತ ಇಂದು ವೈದ್ಯರ ರೂಪದಲ್ಲಿಯೂ ಬರಬಹುದು. ಹೆಂಡತಿ ಮಕ್ಕಳೂ ದಣಿದಿರುತ್ತಾರೆ. ಅವರ ಮಾತನ್ನೂ ಕೇಳುವವರು ಬೇಕು.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ಯಾರ ಮೌನವನ್ನು ನಾವು ಕೋಪವೆಂದು ತಪ್ಪಾಗಿ ತಿಳಿದಿದ್ದೇವೆ?
2. ಈ ವಾರ ಅವರಿಗೆ ಉಪದೇಶದ ಬದಲು ಏನು ಕೊಡಬಲ್ಲೆವು?
3. ನಮ್ಮ ವಾಳೆಯಲ್ಲಿ ಒಬ್ಬಂಟಿಯಾಗಿರುವ ಮಾಜಿ ಸೈನಿಕರು ಯಾರು?

ಪ್ರಾರ್ಥನೆ: ದಣಿದವರಿಗೆ ರೊಟ್ಟಿ, ನೀರು ಕೊಟ್ಟ ದೇವರೇ, ಯುದ್ಧಭೂಮಿಯಿಂದ ಮರಳಿದ ನಮ್ಮ ಸಹೋದರ ಸಹೋದರಿಯರಿಗೆ ನೆಮ್ಮದಿಯ ನಿದ್ದೆ ಅನುಗ್ರಹಿಸಿರಿ. ಅವರ ಬಳಿ ಸುಮ್ಮನೆ ಕುಳಿತುಕೊಳ್ಳುವ ತಾಳ್ಮೆಯನ್ನು ನಮಗೆ ಕೊಡಿರಿ. ಆಮೆನ್.