ದಸ್ತಗಿರಿ: ಶಬ್ದಾರ್ಥ ಮತ್ತು ಶಾಸನಾಧಾರ

‘ದಸ್ತಗಿರಿ’ ಪಾರಸಿ ಮೂಲದ ಶಬ್ದ; ‘ದಸ್ತ’ ಎಂದರೆ ಕೈ. ಕೈಹಿಡಿಯುವುದೇ ಅದರ ಮೂಲಾರ್ಥ. ಶಾಸನವೂ ಇದನ್ನೇ ಅನುಸರಿಸುತ್ತದೆ: ವ್ಯಕ್ತಿಯ ದೇಹವನ್ನು ಮುಟ್ಟಬೇಕು, ಇಲ್ಲವೆ ತಡೆಹಿಡಿಯಬೇಕು, ಆತನು ಮಾತಿನಿಂದಾಗಲಿ ಕೃತಿಯಿಂದಾಗಲಿ ಒಪ್ಪಿಸಿಕೊಂಡರೆ ಅದೂ ಬೇಕಿಲ್ಲ.

ಆದರೆ ಹಿಡಿಯುವ ಅಧಿಕಾರವಿದ್ದ ಮಾತ್ರಕ್ಕೆ ದಸ್ತಗಿರಿಯು ನ್ಯಾಯವೆನಿಸದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯ ಭಂಗವಾಯಿತು. ಆಗ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಪ್ರಾಂತದಲ್ಲಿ ಮೇ 5ರಂದು ಗಾಂಧೀಜಿಯವರನ್ನು 1827ರ 25ನೆಯ ರೆಗ್ಯುಲೇಷನ್ನಿನ ಮೇರೆಗೆ ಹಿಡಿದು, ವಿಚಾರಣೆಯಿಲ್ಲದೆ ಯರವಡಾ ಸೆರೆಮನೆಯಲ್ಲಿರಿಸಲಾಯಿತು. ಅಲ್ಲಿ ಶಾಸನದ ಹೆಸರಿತ್ತು. ನ್ಯಾಯಾಲಯಕ್ಕೆ ಉತ್ತರಿಸುವ ಹೊಣೆಯಿರಲಿಲ್ಲ.

ಆ ಹೊಣೆಯನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 22ನೆಯ ಅನುಚ್ಛೇದವು ವಿಧಿಸಿತು. ಹಣಕೋಣದಂತಹ ಹಳ್ಳಿಯಲ್ಲಿ ಹಿಡಿದರೂ ಕಾರಣವನ್ನು ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣಕಾಲವನ್ನುಳಿದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುಂಜಾಗ್ರತಾ ಬಂಧನಕ್ಕೆ ಮಾತ್ರ ಬೇರೆ ನಿಯಮಗಳುಂಟು. 1827ರ ನೆರಳು ಪೂರ್ಣವಾಗಿ ಅಳಿದಿಲ್ಲವೆಂಬುದನ್ನು ಮರೆಯಲಾಗದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಹಿಡಿದ ಸಂಗತಿಯನ್ನೂ ಇರಿಸಿದ ಸ್ಥಳವನ್ನೂ ಬಂಧುವಿಗಾಗಲಿ ಮಿತ್ರನಿಗಾಗಲಿ ಕೂಡಲೆ ತಿಳಿಸತಕ್ಕದ್ದು. ‘ಬಂಧನ’, ‘ಬಂಧು’ ಎರಡೂ ‘ಬಂಧ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಬಂಧುವಿಗೆ ತಿಳಿಯದಂತೆ ಬಂಧನವಾಗಬಾರದೆಂಬುದು ಇಂದು ಶಾಸನದ ವಿಧಿ. ವಿದ್ಯಾರ್ಥಿಗೆ ಶಬ್ದಾರ್ಥದೊಡನೆ ಈ ವಿಧಿಯನ್ನೂ ಕಲಿಸಿದಾಗಲೇ ಪಾಠವು ಪೂರ್ಣವಾಗುತ್ತದೆ.