ಯಾರ ಹಬ್ಬ ಎಂದು ಮೊದಲು ಕೇಳಿ

ಕೊಡಗಿನ ನಾಪೋಕ್ಲು ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ, ಅದರ ನಡುವೆ ಹಳೇ ಹೆಂಚಿನ ಮನೆ. ಅದರ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದೇವೆ. ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಕಾಸರಗೋಡಿನಿಂದ ಫೋನ್ ಬರುತ್ತದೆ: “ಯಾವುದಾದರೂ ಹಬ್ಬ ಇರುವಾಗ ಬರಬೇಕು, ಯಾವಾಗ ಬರಲಿ?” ಒಂದು ವಾಕ್ಯದಲ್ಲಿ ಉತ್ತರ ಹೇಳಲಾಗದು ಎಂದು ನಿಧಾನವಾಗಿ ಗೊತ್ತಾಯಿತು. ಈಗ ಫೋನಿನಲ್ಲಿ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಹಬ್ಬಕ್ಕೆ ಒಡೆಯರಿರುತ್ತಾರೆ. ಅವರು ಯಾರೆಂದು ತಿಳಿದುಕೊಂಡು ಹೊರಡಿ.

ಆಯುಧಪೂಜೆಯ ಕೈಲ್‌ಪೊಳ್ದ್, ಹೊಸ ಕದಿರು ತರುವ ಪುತ್ತರಿ ಮನೆಯ ಹಬ್ಬಗಳು. ಕೊಡವರಿಗೆ ಅವು ಒಕ್ಕದ, ಅಂದರೆ ಮನೆತನದ ಹಬ್ಬಗಳು, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ನಡೆಯುತ್ತವೆ. ಭಗವತಿ, ಅಯ್ಯಪ್ಪನ ನಮ್ಮೆಗಳು (ಉತ್ಸವಗಳು) ಊರಿನವು, ಅಲ್ಲಿ ದೇವಸ್ಥಾನದ ಮುಖ್ಯಸ್ಥರಾದ ತಕ್ಕರ ಮಾತೇ ಕೊನೆ. ಮಡಿಕೇರಿ ದಸರಾ ಪೇಟೆಯದ್ದು. ತಲಕಾವೇರಿಯ ತೀರ್ಥೋದ್ಭವಕ್ಕೆ ಕೊಡಗಿನವರಷ್ಟೇ ಅಲ್ಲ, ಕೇರಳ ತಮಿಳುನಾಡುಗಳಿಂದಲೂ ಭಕ್ತರು ಬರುತ್ತಾರೆ. ಪೇಟೆಯ ಹಬ್ಬಕ್ಕೆ ಯಾರೂ ನಿಮ್ಮನ್ನು ಕರೆಯಬೇಕಿಲ್ಲ, ಬಂದು ನಿಲ್ಲಿ. ಊರ ಹಬ್ಬಕ್ಕೆ ಬರಬಹುದು, ಆದರೆ ಎಲ್ಲಿ ನಿಲ್ಲಬೇಕೆಂದು ಕೇಳಿ ನಿಲ್ಲಬೇಕು. ಮನೆಯ ಹಬ್ಬಕ್ಕೆ ಮನೆಯವರೇ ಕರೆಯಬೇಕು. “ಪುತ್ತರಿ ಪ್ಯಾಕೇಜ್ ಇದೆಯಾ?” ಎಂದು ಕೇಳುವವರಿಗೆ ಇಲ್ಲ ಎನ್ನುತ್ತೇನೆ. ನಮ್ಮಲ್ಲಿ ತಂಗಿದವರನ್ನು ಆ ರಾತ್ರಿ ನಮ್ಮ ಗದ್ದೆಗೆ ಕರೆದುಕೊಂಡು ಹೋಗುತ್ತೇವೆ, ಆದರೆ ಅದನ್ನು ಬಿಲ್ಲಿಗೆ ಸೇರಿಸುವುದಿಲ್ಲ.

2. ದಿನಾಂಕಕ್ಕಿಂತ ಹೊತ್ತು ಮುಖ್ಯ.

ಕೈಲ್‌ಪೊಳ್ದ್ ಬಹುತೇಕ ಕಡೆ ಸೆಪ್ಟೆಂಬರ್ 3ಕ್ಕೆ, ಮದ್ದುಸೊಪ್ಪು ತಿನ್ನುವ ಕಕ್ಕಡ 18 ಆಗಸ್ಟ್ 3ಕ್ಕೆ. ಇವೆರಡಕ್ಕೆ ಮೊದಲೇ ರಜೆ ಹಾಕಬಹುದು. ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಜೋಯಿಸರು, ತಕ್ಕರು ಕೂತು ನಿಶ್ಚಯಿಸಿದ ಮೇಲೆಯೇ. ನೆರೆ (ಎಲೆಗಳ ಕಟ್ಟು) ಕಟ್ಟಲು ಒಂದು ಹೊತ್ತು, ಕದಿರು ತೆಗೆಯಲು ಒಂದು ಹೊತ್ತು, ಊಟಕ್ಕೆ ಇನ್ನೊಂದು ಹೊತ್ತು. ದೇವಸ್ಥಾನದಲ್ಲಿ ಮೊದಲು, ನಾಡಿನವರಿಗೆ ಆಮೇಲೆ. ಹೊತ್ತು ಮುಂದೆ ಹಾಕಿ ಎಂದು ಇಗ್ಗುತಪ್ಪನನ್ನು ಕೇಳಲಾಗದು. ಟ್ರಾಫಿಕ್‌ನಲ್ಲಿ ಸಿಕ್ಕಿ ಹುಣಸೂರಿನ ಹತ್ತಿರ ಇದ್ದೇವೆ ಎಂದು ಫೋನ್ ಮಾಡುವವರಿಗೆ ಊಟ ಸಿಗುತ್ತದೆ, ಕದಿರು ತೆಗೆಯುವುದು ಸಿಗುವುದಿಲ್ಲ.

ತೀರ್ಥೋದ್ಭವದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ ಅದು. ಸೌರವರ್ಷಕ್ಕೆ 365 ದಿನದ ಮೇಲೆ ಆರು ಗಂಟೆ ಚಿಲ್ಲರೆ ಇರುವುದರಿಂದ ಗಳಿಗೆ ಪ್ರತಿ ವರ್ಷ ಸುಮಾರು ಆರು ತಾಸು ಮುಂದಕ್ಕೆ ಜಾರುತ್ತದೆ. ಅಧಿಕ ವರ್ಷ ಬಂದಾಗ ದಿನಾಂಕ ಒಂದು ದಿನ ಹಿಂದೆ ಬರುತ್ತದೆ. 2023ರಲ್ಲಿ ಮಧ್ಯರಾತ್ರಿ ಕಳೆದು ಒಂದೂವರೆಯ ಹೊತ್ತಿಗೆ, 2024ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7.40ಕ್ಕೆ, 2025ರಲ್ಲಿ ಅದೇ ದಿನ ಮಧ್ಯಾಹ್ನ 1.44ಕ್ಕೆ. ಹಾಗೆ ನೋಡಿದರೆ 2026ರದ್ದು ಕತ್ತಲಾದ ಮೇಲೆ. ನಿಖರ ಹೊತ್ತನ್ನು ದೇವಸ್ಥಾನದವರು ಪ್ರಕಟಿಸುತ್ತಾರೆ, ಆದರೆ ಬೆಳಗಿನ ವರ್ಷವೋ ನಡುರಾತ್ರಿಯ ವರ್ಷವೋ ಎಂದು ಕೋಣೆ ಹಿಡಿಯುವ ಮೊದಲೇ ನೀವು ಲೆಕ್ಕ ಹಾಕಬಹುದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಗಲಿನ ವರ್ಷಕ್ಕೆ ಕಾಯಿರಿ ಎನ್ನುವುದು ನನ್ನ ಸಲಹೆ.

3. ತಲಕಾವೇರಿಗೆ ಕಾರು ಕೊಂಡುಹೋಗುವ ಆಸೆ ಬಿಡಿ.

ಭಾಗಮಂಡಲದಿಂದ ಮೇಲಕ್ಕೆ ಎಂಟು ಕಿಲೋಮೀಟರ್. ಸಂಕ್ರಮಣದ ದಿನ ಸಾಮಾನ್ಯವಾಗಿ ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ ಬಸ್ಸಿನಲ್ಲಿ ಕಳಿಸುತ್ತಾರೆ. ಮೇಲೆ ಗಾಳಿ, ಮಂಜು, ಅಕ್ಟೋಬರ್ ಆದರೂ ಮಳೆ. ಸ್ವೆಟರ್ ಇಲ್ಲದೆ ಬಂದವರ ಹಲ್ಲು ಕಟಕಟ ಅನ್ನುವುದು ಪಕ್ಕದವರಿಗೆ ಕೇಳುತ್ತದೆ. ಕುಂಡಿಕೆ ಚಿಕ್ಕದು, ಅದರ ಮುಂದಿನ ಕೊಳವೂ ದೊಡ್ಡದಲ್ಲ. ತೀರ್ಥ ಉಕ್ಕುವುದನ್ನು ಎದುರಿಗೆ ನಿಂತು ನೋಡುವವರು ಬೆರಳೆಣಿಕೆಯ ಜನ. ಉಳಿದವರಿಗೆ ಗೊತ್ತಾಗುವುದು ಅರ್ಚಕರು ತೀರ್ಥ ಪ್ರೋಕ್ಷಣೆ ಮಾಡಿದಾಗ, ಕೊಳದ ಸುತ್ತ ಬಿಂದಿಗೆ, ಕ್ಯಾನುಗಳ ಸದ್ದು ಏಳುವಾಗ. ಆ ನೂಕುನುಗ್ಗಲು ಬೇಡ ಅನ್ನುವವರು ಒಂದೆರಡು ದಿನ ಬಿಟ್ಟು ಹೋದರೂ ನಷ್ಟವೇನಿಲ್ಲ. ಜಾತ್ರೆ ಒಂದು ತಿಂಗಳು, ಪುಣ್ಯಕ್ಕೂ ಅಷ್ಟೇ ಅವಧಿ ಉಂಟು ಎಂದು ಹಿರಿಯರು ಹೇಳುತ್ತಾರೆ.

ಮಾರನೇ ಬೆಳಿಗ್ಗೆ ಬೆಟ್ಟದಿಂದ ಇಳಿದ ತಕ್ಷಣ ಊರು ಬಿಟ್ಟು ಓಡಬೇಡಿ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ ಕಾವೇರಿಯೆಂದು ಕೂರಿಸುವ ಕಣಿಪೂಜೆ ಮನೆಗಳಲ್ಲಿ ನಡೆಯುತ್ತದೆ. ಆ ದಿನದ ಅಡುಗೆ ದೋಸೆ ಮತ್ತು ಕುಂಬಳಕಾಯಿ ಪಲ್ಯ. ಹಂದಿಮಾಂಸದ ಪಂದಿಕರಿ ನೆನಪಿಸಿಕೊಂಡು ಬಂದವರಿಗೆ ಅಂದು ನಿರಾಶೆ.

4. ಪುತ್ತರಿ ರಾತ್ರಿ ಕೈಯಲ್ಲಿ ಮೊಬೈಲ್ ಇರಲಿ, ಆದರೆ ಅದರ ದೀಪ ಆರಿರಲಿ.

ನಮ್ಮ ಮನೆ ಅರೆಭಾಷೆ ಗೌಡರದ್ದು, ನಮಗೂ ಪುತ್ತರಿ ಇದೆ. ಪಕ್ಕದ ಕೊಡವ ಒಕ್ಕದ ಐನ್‌ಮನೆಯವರು ನಮ್ಮ ಅತಿಥಿಗಳನ್ನೂ ಒಮ್ಮೊಮ್ಮೆ ಕರೆಯುತ್ತಾರೆ. ಅಲ್ಲಿ ನಡೆಯುವುದು ಹೀಗೆ. ಸಂಜೆಗೆ ಮನೆಮಂದಿ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪದ ಕೆಳಗೆ ಸೇರುತ್ತಾರೆ. ಅಶ್ವತ್ಥ, ಮಾವು ಸೇರಿ ಐದು ಬಗೆಯ ಎಲೆಗಳನ್ನು ಒಟ್ಟುಮಾಡಿ ನಾರಿನಿಂದ ನೆರೆ ಕಟ್ಟುತ್ತಾರೆ. ಹೊತ್ತಾದಾಗ ಅಕ್ಕಿ, ದೀಪ ಇಟ್ಟ ತಳಿಯತಕ್ಕಿ ಬೊಳಕ್ ಹಿಡಿದ ಹೆಂಗಸರು, ಕುಡುಗೋಲು ಹಿಡಿದ ಯಜಮಾನ, ಹಿಂದೆ ಮಕ್ಕಳು ಮರಿ ಎಲ್ಲರೂ ಗದ್ದೆಗೆ. ಬದುವಿನ ಮೇಲೆ ಇಬ್ಬನಿ ಬಿದ್ದು ಜಾರುತ್ತದೆ, ಪೇಟೆಯ ಬೂಟು ಅಲ್ಲಿ ಕೆಲಸಕ್ಕೆ ಬಾರದು. ಗುಂಡು ಹಾರುತ್ತದೆ, ಕದಿರು ಕೊಯ್ಯುತ್ತಾರೆ, “ಪೊಲಿ ಪೊಲಿ ದೇವಾ” ಎಂಬ ಕೂಗು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ. ತಂದ ಕದಿರನ್ನು ದೀಪಕ್ಕೆ, ಕಂಬಕ್ಕೆ, ಬಾಗಿಲಿಗೆ, ಈಗ ಕೆಲವರು ಕಾರಿಗೂ ಕಟ್ಟುತ್ತಾರೆ. ಹೊಸ ಭತ್ತದ ಕಾಳು ಹಾಕಿದ ಪಾಯಸ, ಬಾಳೆಹಣ್ಣು ಮತ್ತು ಹುರಿದಕ್ಕಿ ಹಿಟ್ಟಿನ ತಂಬಿಟ್ಟು, ತುಪ್ಪ ಜೇನು ಜೊತೆ ಪುತ್ತರಿ ಗೆಣಸು.

ಈ ಹೊತ್ತಲ್ಲಿ ಫ್ಲ್ಯಾಶ್ ಹಾಕಿದರೆ ಕುಡುಗೋಲು ಹಿಡಿದವನ ಕಣ್ಣು ಕತ್ತಲೆಗಟ್ಟುತ್ತದೆ. “ಇನ್ನೊಂದು ಸಲ ಕೊಯ್ಯಿರಿ, ವಿಡಿಯೊ ಸರಿ ಬಂದಿಲ್ಲ” ಎಂದು ಕೇಳಿದವರೂ ಉಂಟು! ಯಜಮಾನರು ನಕ್ಕು ಮುಂದೆ ನಡೆದರು.

ಐನ್‌ಮನೆಯ ಬಗ್ಗೆ ಇನ್ನೊಂದು ಮಾತು. ಜಗಲಿಯ ಕಂಬಗಳ ನಡುವೆ ಅಗಲವಾದ ಮರದ ಹಲಗೆಗಳಿರುತ್ತವೆ, ಅದಕ್ಕೆ ಐಮರ ಎನ್ನುತ್ತಾರೆ. ತಲೆಮಾರುಗಳಿಂದ ಹಿರಿಯರು ಕೂತು ನುಣುಪಾದ ಜಾಗ. ಬಂದವರು ಬೆನ್ನುಚೀಲ ಅದರ ಮೇಲೆ ಒಗೆದು ಕಾಲು ಚಾಚಿ ಕೂರುತ್ತಾರೆ. ಮನೆಯವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಮುಂದಿನ ವರ್ಷ ಕರೆಯುವುದಿಲ್ಲ ಅಷ್ಟೆ. ಚಪ್ಪಲಿ ಕೆಳಗೆ ಬಿಟ್ಟು, ಕೂರಿ ಎಂದ ಮೇಲೆ ತೋರಿಸಿದಲ್ಲಿ ಕೂರಬೇಕು. ಅಂಗಳದ ಬದಿಯ ಕೈಮಡ ಕಾರಣವರ (ಪೂರ್ವಜರ) ಗುಡಿ, ಅದರ ಕಟ್ಟೆ ಸೆಲ್ಫಿಗೆ ಅಲ್ಲ.

ಮನೆಯೊಳಗಿನದು ಸಿಗದಿದ್ದವರಿಗೆ ನಂತರದ ದಿನಗಳ ಕೋಲಾಟ ಇದೆ. ಅದು ಊರ ಬಯಲಾದ ಮಂದ್‌ನಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರ ಎದುರು. ಕೋಲಾಟದ ಜೊತೆ ಪರೆಯಕಳಿಯೂ ಇದ್ದರೆ ಬಿಡಬೇಡಿ. ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬನ ಕೈಯಲ್ಲಿ ಗುರಾಣಿ, ಏಟು ಮೊಣಕಾಲಿನ ಕೆಳಗೆ ಮಾತ್ರ. ಆಟ ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡು ಹೋಗುತ್ತಾರೆ, ಮೀನಖಂಡದ ಬಾಸುಂಡೆ ಮಾತ್ರ ಉಳಿಯುತ್ತದೆ. ನನ್ನ ಕೇಳಿದರೆ ಪರವೂರಿನವರಿಗೆ ಪುತ್ತರಿಯಲ್ಲಿ ಮಂದ್‌ನ ದಿನವೇ ಹೆಚ್ಚು ಲಾಭದ್ದು.

5. ಕೋವಿ ಕೇಳಬೇಡಿ.

ಕೈಲ್‌ಪೊಳ್ದ್ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಗಂಧ ಹಚ್ಚಿ, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆಗಿಡುತ್ತಾರೆ. ಕೆಂಪು ಹಳದಿ ಬೆಂಕಿಯಂಥ ಹೂವು ಅದು, ಫೋಟೊ ತೆಗೆಯಲು ಯಾರ ಅಡ್ಡಿಯೂ ಇಲ್ಲ. ಆದರೆ ಕೋವಿ ಹಿಡಿದು ನಿಲ್ಲುವ ಆಸೆ ಬೇಡ. ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದು ಅವರಿಗೆ, ಅವರ ಮನೆಯಲ್ಲಿ ತಂಗಿದವರಿಗಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದೆ, ನಿಂತು ನೋಡಲು ಬೇಕಾದಷ್ಟು ಜಾಗ.

ರಾತ್ರಿ ಗುಂಡಿನ ಸದ್ದು ಕೇಳಿ ಹಾಸಿಗೆಯಿಂದ ಎದ್ದು ಓಡಿ ಬಂದವರಿದ್ದಾರೆ. ಒಂದು ಗುಂಡಾದರೆ ಗಂಡುಮಗು ಹುಟ್ಟಿದ ಸುದ್ದಿ, ಬೆನ್ನುಬೆನ್ನಿಗೆ ಎರಡಾದರೆ ಸಾವಿನ ಸುದ್ದಿ ಎಂಬುದು ಹಳೇ ಪದ್ಧತಿ. ಎರಡನೆಯದು ಕೇಳಿದ ದಿನ ಊರಿನ ಕಾರ್ಯಕ್ರಮ ಏನೂ ಇರಲಾರದು ಎಂದುಕೊಂಡು ತೋಟದಲ್ಲಿ ಓಡಾಡಿಕೊಂಡಿರಿ.

6. ಕಟ್ಟು ಬಿದ್ದಿದೆಯೇ ಎಂದು ಕೇಳಿಕೊಂಡು ಅಡುಗೆ ಹೇಳಿ.

ನಮ್ಮೆಗೆ ಮುಂಚೆ ಊರಿಗೆ ಕಟ್ಟು ಬೀಳುತ್ತದೆ. ಅಷ್ಟು ದಿನ ಪ್ರಾಣಿವಧೆ ಇಲ್ಲ, ಮದುವೆ ಇಲ್ಲ, ಮರ ಕಡಿಯುವುದಿಲ್ಲ. ಊರಿಂದೂರಿಗೆ ನಿಯಮದಲ್ಲಿ ವ್ಯತ್ಯಾಸ. ಹೊಳೆಯ ಈ ದಡದಲ್ಲಿ ಕಟ್ಟು, ಆ ದಡದಲ್ಲಿ ಕೋಳಿ ಸಾರು. “ಕೂರ್ಗ್‌ಗೆ ಬಂದು ಪಂದಿಕರಿ ಇಲ್ಲ ಅಂದ್ರೆ ಹೇಗೆ ಅಂಕಲ್?” ಎಂದು ಹುಡುಗರು ಮುಖ ಸಣ್ಣ ಮಾಡುತ್ತಾರೆ. ಪೇಟೆಯ ಹೋಟೆಲಿನಲ್ಲಿ ತಿಂದು ಬನ್ನಿ, ನಮ್ಮ ಅಂಗಳಕ್ಕೆ ಪಾರ್ಸೆಲ್ ತರಬೇಡಿ ಎನ್ನುತ್ತೇನೆ. ಕಟ್ಟಿನ ದಿನ ನಮ್ಮಾಕೆ ಮಾಡುವ ನೂಪುಟ್ಟು, ಕಾಯಿಹಾಲು ತಿಂದವರಲ್ಲಿ ಅರ್ಧ ಜನ ಎರಡನೇ ಸಲ ಅದನ್ನೇ ಕೇಳುತ್ತಾರೆ.

7. ಮದ್ದುಸೊಪ್ಪಿನ ಬಗ್ಗೆ ಊಟಕ್ಕೆ ಮೊದಲೇ ಹೇಳಿಬಿಡಬೇಕು. ಇದು ಹೋಂಸ್ಟೇಯವರಿಗೆ.

ಕಕ್ಕಡ 18ಕ್ಕೆ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದ ಕಡುನೇರಳೆ ನೀರಿನಲ್ಲಿ ಪಾಯಸ, ಪುಟ್ಟು ಮಾಡುತ್ತೇವೆ. ಘಮ ಒಳ್ಳೆಯದು, ಬಣ್ಣ ಅದಕ್ಕಿಂತ ಚೆಂದ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಅದರಿಂದ ಏನೂ ಆಗುವುದಿಲ್ಲ. ಹೇಳದೆ ಬಡಿಸಿದರೆ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು ಆಸ್ಪತ್ರೆ ಎಲ್ಲಿದೆ ಎನ್ನುತ್ತಾರೆ.

8. ಮಡಿಕೇರಿ ದಸರಾಕ್ಕೆ ಹಗಲು ನಿದ್ದೆ ಮಾಡಿ ಬನ್ನಿ.

ನವರಾತ್ರಿಯ ಮೊದಲ ದಿನ ಪಂಪಿನಕೆರೆಯಿಂದ ನಾಲ್ಕು ಮಾರಿಯಮ್ಮನ ಗುಡಿಗಳ ಕರಗ ಹೊರಡುತ್ತದೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಹಾಲೇರಿ ಅರಸರ ಕಾಲದಲ್ಲಿ ರೋಗ ಹಬ್ಬಿದಾಗ ಶುರುವಾದದ್ದು ಎಂದು ಹೇಳಿಕೆ. ವಿಜಯದಶಮಿ ರಾತ್ರಿ ದಶಮಂಟಪಗಳ ಮೆರವಣಿಗೆ. ಮೈಸೂರಿನಲ್ಲಿ ಜಂಬೂಸವಾರಿ ಮುಗಿಸಿ 120 ಕಿಲೋಮೀಟರ್ ಓಡಿ ಬಂದರೂ ತಡವಾಗದು, ಏಕೆಂದರೆ ಇಲ್ಲಿಯ ರಂಗು ಏರುವುದೇ ನಡುರಾತ್ರಿ ದಾಟಿದ ಮೇಲೆ. ಟ್ರ್ಯಾಕ್ಟರ್ ಮೇಲಿನ ಆಳೆತ್ತರದ ರಾಕ್ಷಸರು ಕೈಕಾಲು ಆಡಿಸುತ್ತಾರೆ, ಹೊಗೆ ಉಗುಳುತ್ತಾರೆ, ಸಾಯುತ್ತಾರೆ, ಮುಂದಿನ ಸರ್ಕಲ್‌ನಲ್ಲಿ ಮತ್ತೆ ಎದ್ದು ಸಾಯುತ್ತಾರೆ. ಧ್ವನಿವರ್ಧಕದ ಅಬ್ಬರ ಎದೆಗೆ ಗುದ್ದುತ್ತದೆ, ಕೈಗೂಸು ಇರುವವರು ಬರದಿರುವುದು ಲೇಸು. ಇಷ್ಟು ಸದ್ದು ಬೇಕೇ ಎಂದು ನನಗೂ ಅನಿಸುತ್ತದೆ, ಆದರೂ ಪ್ರತಿ ವರ್ಷ ಹೋಗುತ್ತೇನೆ. ಗೋಣಿಕೊಪ್ಪದಲ್ಲೂ ಅದೇ ರಾತ್ರಿ ಮಂಟಪಗಳಿವೆ. ಎರಡನ್ನೂ ಒಂದೇ ರಾತ್ರಿ ನೋಡುತ್ತೇವೆ ಎನ್ನುವವರು ಎರಡನ್ನೂ ಅರ್ಧ ನೋಡುತ್ತಾರೆ.

9. ಕುಂಡೆ ಹಬ್ಬದಲ್ಲಿ ಬೈಸಿಕೊಳ್ಳಲು ತಯಾರಿರಿ.

ಮೇ ತಿಂಗಳಲ್ಲಿ ದೇವರಪುರದಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಬುಡಕಟ್ಟಿನವರ ಹಬ್ಬ. ಅಯ್ಯಪ್ಪ ತಮ್ಮನ್ನು ಕರೆತಂದು ನಡುದಾರಿಯಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದನೆಂಬ ಸಿಟ್ಟಿಗೆ ದೇವರನ್ನೇ ಬೈಯುವ ಹಬ್ಬವಿದು. ಗಂಡಸರು ಹೆಣ್ಣುವೇಷ ಹಾಕಿ, ಡಬ್ಬ ಬಡಿಯುತ್ತ, ದಾರಿಯಲ್ಲಿ ಸಿಕ್ಕವರಿಗೆಲ್ಲ ಬೈದು ಕಾಸು ಕೇಳುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ, ಬೈಗುಳಕ್ಕೆ ನಗಿರಿ, ತಿರುಗಿ ಬೈಯಬೇಡಿ. ವರ್ಷವಿಡೀ ಇತರರ ತೋಟದಲ್ಲಿ ದುಡಿಯುವವರು ಯಜಮಾನರಿಗೂ ಬೈಯಬಹುದಾದ ದಿನ ಅದು. ಅದನ್ನು “ಬೈಗುಳದ ಹಬ್ಬ” ಎಂದು ವಿಡಿಯೊ ಮಾಡಿ ಹಂಚುವವರು ಅವರ ಮುಖವನ್ನೂ ಹಂಚುತ್ತಿದ್ದಾರೆ ಎಂಬುದು ನನಗೆ ಸರಿ ಕಾಣದು. ಕೇಳಿ ತೆಗೆದರೆ ಸಂತೋಷವಾಗಿ ನಿಲ್ಲುತ್ತಾರೆ.

10. ಹಬ್ಬದ ಮಧ್ಯದ ಖಾಲಿ ದಿನ ಹತ್ತಿರದ್ದನ್ನೇ ನೋಡಿ.

ಪುತ್ತರಿಗೆ ಕಕ್ಕಬ್ಬೆ ಕಡೆ ಬಂದವರು ಮಾರನೇ ದಿನ ದುಬಾರೆ, ಬೈಲುಕುಪ್ಪೆ, ಅಬ್ಬಿ ಎಂದು ದೂರದೂರಕ್ಕೆ ಓಡುತ್ತಾರೆ. ಇಲ್ಲೇ ಇಗ್ಗುತಪ್ಪನ ಗುಡಿ, ತಡಿಯಂಡಮೋಳ್ ಬೆಟ್ಟ, ಅದರ ಬುಡದಲ್ಲಿ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ, ಚೇಲಾವರ ಜಲಪಾತ ಇವೆ. ದಸರಾಕ್ಕೆ ಬಂದವರಿಗೆ ಮಡಿಕೇರಿಯಲ್ಲೇ ಕೋಟೆ, ಗದ್ದಿಗೆ, 1820ರ ಓಂಕಾರೇಶ್ವರ, ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಮ್ಯೂಸಿಯಂ. ದೇವರಕಾಡು ಕಂಡರೆ ರಸ್ತೆಯಿಂದಲೇ ನೋಡಿ ಸಾಕು.

11. ಮೊದಲ ಸಲವಾದರೆ ಹಾಕಿಗೆ ಬನ್ನಿ.

ಯಾರ ಮನೆಯ ಪರಿಚಯವೂ ಇಲ್ಲ, ಮಕ್ಕಳಿದ್ದಾರೆ, ಊರಿನವರ ಜೊತೆ ಬೆರೆಯಬೇಕು ಅನ್ನುವವರಿಗೆ ನಾನು ಹೇಳುವುದು ಕೊಡವ ಕುಟುಂಬಗಳ ಹಾಕಿ ನಮ್ಮೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ್ದು. ವರ್ಷಕ್ಕೊಂದು ಒಕ್ಕ ವಹಿಸಿಕೊಂಡು ನಡೆಸುತ್ತದೆ. 2024ರಲ್ಲಿ ನಮ್ಮ ನಾಪೋಕ್ಲಿನಲ್ಲೇ ಕುಂಡ್ಯೋಳಂಡ ಒಕ್ಕದವರು ನಡೆಸಿದಾಗ 360 ತಂಡ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡದವರದ್ದು 396 ತಂಡ. ಒಂದೇ ಒಕ್ಕದ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ಬೇರೆಲ್ಲಿ ನೋಡುತ್ತೀರಿ? ಟಿಕೆಟ್ಟಿಲ್ಲ, ಕರೆಯೋಲೆ ಬೇಕಿಲ್ಲ, ಗ್ಯಾಲರಿಯಲ್ಲಿ ಪಕ್ಕ ಕೂತವರೇ ಯಾವ ತಂಡ ಯಾರ ನೆಂಟರು ಎಂದು ವಿವರಿಸುತ್ತಾರೆ, ಮಧ್ಯಾಹ್ನದೊಳಗೆ ಊಟಕ್ಕೂ ಕರೆದಿರುತ್ತಾರೆ. ಏಪ್ರಿಲ್ ಬಿಸಿಲು, ಆದ್ದರಿಂದ ಟೊಪ್ಪಿ ತನ್ನಿ. ಸಂಜೆ ನಾಲ್ಕರ ಮೇಲೆ ಗುಡುಗು ಮಳೆ, ಆದ್ದರಿಂದ ಕೊಡೆಯನ್ನೂ. ಫೈನಲ್ಲಿನ ದಿನ ಕೋಣೆ ಎಲ್ಲೂ ಸಿಗದು, ಮೊದಲ ವಾರವೇ ಬನ್ನಿ. ಚಿಕ್ಕ ಒಕ್ಕಗಳ ಆಟ ಆಗಲೇ ಇರುವುದು.