ಹುಣಸೆ ತೊಕ್ಕು: ಕಾಯಿ ಕೀಳುವುದರಿಂದ ಜಾಡಿ ಬಾಯಿ ಕಟ್ಟುವ ತನಕ

ನಮ್ಮದು ಚಳ್ಳಕೆರೆ ಕಡೆಯ ಒಣಭೂಮಿ. ಶೇಂಗಾ, ತೊಗರಿ, ನವಣೆ. ಮಳೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಬದುವಿನ ಮೇಲಿರುವ ಹುಣಸೆ ಮರ ಅಷ್ಟು ಬೇಗ ಕೈ ಬಿಡೋದಿಲ್ಲ. ಒಂದು ವರ್ಷ ಹೊರೆ ಹೊತ್ತರೆ ಇನ್ನೊಂದು ವರ್ಷ ಕಡಿಮೆ ಬಿಡುತ್ತೆ, ಅಷ್ಟೆ. ಇಂಥ ಮರ ಇಟ್ಟುಕೊಂಡೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮುದ್ದೆಗೆ ನಂಜಿಕೊಳ್ಳಲು ಸಂತೆಯಿಂದ ಉಪ್ಪಿನಕಾಯಿ ಪಾಕೀಟು ತರ್ತಾರೆ. ಅದಕ್ಕೆ ಕಾರಣ ಸೋಮಾರಿತನ ಅಂತ ನಾನು ಹೇಳಲ್ಲ. ಮರ ಗುತ್ತಿಗೆಗೆ ಹೋಗಿಬಿಟ್ಟಿರುತ್ತೆ. ವ್ಯಾಪಾರಿ ಹೂವಿನಲ್ಲೋ ಈಚಿನಲ್ಲೋ ಬಂದು ಮರ ನೋಡಿ, ಒಂದು ಮಾತಿಗೆ ಮುಗಿಸಿ, ಮುಂಗಡ ಕೊಟ್ಟು ಹೋಗ್ತಾನೆ. ಆಮೇಲೆ ಮಕ್ಕಳು ಒಂದು ಕಾಯಿ ಕಿತ್ತರೂ ಅವನು ಜಗಳಕ್ಕೆ ಬರ್ತಾನೆ. ನಮ್ಮ ಮರದಲ್ಲೂ ಒಬ್ಬ ಹೀಗೇ ಮಾಡಿದ. ಅಂದಿನಿಂದ ನಾನು ಗುತ್ತಿಗೆ ಮಾತಾಡುವಾಗಲೇ ಮೂಡಲ ಕಡೆಯ ತಗ್ಗಿನ ಕೊಂಬೆ ನಮ್ಮದು ಅಂತ ಹೇಳಿ, ಅದಕ್ಕೆ ಸುಣ್ಣದ ಗುರುತು ಹಾಕಿಸ್ತೇನೆ. ಒಂದು ಕೊಂಬೆ ಬಿಟ್ಟುಕೊಟ್ಟರೆ ಯಾವ ವ್ಯಾಪಾರಿಗೂ ನಷ್ಟವಿಲ್ಲ. ಆ ಕೊಂಬೆಯ ಕಾಯಿಯಿಂದ ವರ್ಷಪೂರ್ತಿ ಮನೆಗೆ ತೊಕ್ಕು ಆಗುತ್ತೆ.

ತೊಕ್ಕು ಮಾಡೋದು ಹೆಂಗಸರ ಕೆಲಸ, ಅದನ್ನು ಕೃಷಿ ಪತ್ರಿಕೆಯಲ್ಲಿ ಯಾಕೆ ಬರೀತಾನೆ ಅಂತ ಕೆಲವರಿಗೆ ಅನ್ನಿಸಬಹುದು. ಕಾಯಿ ಯಾವಾಗ ಕೀಳಬೇಕು, ಹೇಗೆ ಒಣಗಿಸಬೇಕು, ಎಷ್ಟು ದಿನ ಇಡಬೇಕು ಅನ್ನೋದೆಲ್ಲ ಬೆಳೆಗಾರನ ಲೆಕ್ಕವೇ. ನಮ್ಮ ಮನೆಯಲ್ಲಿ ಕುಟ್ಟುವ ಕೆಲಸ ನನ್ನದು. ಒನಕೆ ಏಟು ಬಲವಾಗಿ ಬೀಳಬೇಕು.

ಕಾಯಿಯ ಹದ

ಹುಣಸೆ ತೊಕ್ಕಿಗೆ ಹಣ್ಣು ಬೇಡ, ಬಲಿತ ಹಸಿಕಾಯಿ ಬೇಕು. ಬೇಸಿಗೆ ಕೊನೆಯಲ್ಲಿ ಹೂ ಬಿಟ್ಟ ಮರದಲ್ಲಿ ಡಿಸೆಂಬರ್‌ನಿಂದ ಸಂಕ್ರಾಂತಿ ಒಳಗೆ, ಅವರೆಕಾಯಿ ಸೊಗಡಿನ ದಿನಗಳಲ್ಲಿ, ಕಾಯಿ ಹದಕ್ಕೆ ಬರುತ್ತೆ. ಆದರೆ ತಿಂಗಳು ನೋಡಿ ಕೀಳಬೇಡಿ, ಕಾಯಿ ನೋಡಿ ಕೀಳಿ. ಒಂದೇ ಬದುವಿನ ಎರಡು ಮರ ಒಂದೇ ಸಲ ಹದಕ್ಕೆ ಬರೋದಿಲ್ಲ.

ಪರೀಕ್ಷೆ ಸುಲಭ. ಒಂದು ಕಾಯಿ ಅಡ್ಡಕ್ಕೆ ಮುರೀರಿ. ಸಿಪ್ಪೆ ತಿರುಳಿಗೆ ಅಂಟಿಕೊಂಡೇ ಇರಬೇಕು. ಒಳಗಿನ ಬೀಜ ಬಿಳಿಚಿಕೊಂಡು, ಉಗುರು ಚುಚ್ಚಿದರೆ ಇಳಿಯಬೇಕು. ಬೀಜ ಕಟ್ಟೇ ಇಲ್ಲದ ಈಚು ಕಾಯಿ ಆದರೆ ಒಗರು ಜಾಸ್ತಿ, ತಿರುಳು ಇರಲ್ಲ. ಬೀಜಕ್ಕೆ ಕಂದು ಬಣ್ಣ ಹತ್ತಿ, ಸಿಪ್ಪೆ ಒಳಗಿಂದ ಬಿಟ್ಟುಕೊಂಡು ಟೊಳ್ಳು ಸದ್ದು ಬಂದರೆ ಅದು ದೋರೆಗಾಯಿ. ಮಕ್ಕಳಿಗೆ ಪ್ರೀತಿ, ತೊಕ್ಕಿಗೆ ಬಾರದು. ನಾರು ಹುರಿಹಗ್ಗದಂತೆ ಆಗಿರುತ್ತೆ, ಪಿಕ್ಕ ಒರಳಲ್ಲಿ ಕಲ್ಲಿನಂತೆ ಸಿಡಿಯುತ್ತೆ.

ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಅಂತ ಗಾದೆ ಇದೆ. ಹಣ್ಣಿನ ವಿಚಾರದಲ್ಲೂ ಅದು ನಿಜ. ಮಾವು ಹಣ್ಣಾಗ್ತಾ ಹೋದಂತೆ ಅದರ ಹುಳಿ ಇಳಿದುಹೋಗುತ್ತೆ, ಸಿಹಿ ಏರುತ್ತೆ. ಹುಣಸೆಯಲ್ಲಿ ಇರೋದು ಟಾರ್ಟಾರಿಕ್ ಆಮ್ಲ. ಅದು ಹಣ್ಣಾದರೂ ಕರಗೋದಿಲ್ಲ. ಸಕ್ಕರೆ ಅಂಶ ಬಂದು ಸೇರಿಕೊಳ್ಳುತ್ತೆ, ಹುಳಿ ತನ್ನ ಪಾಡಿಗೆ ತಾನು ಇರುತ್ತೆ. ಹಸಿಕಾಯಲ್ಲಿ ಹುಳಿ ಪೂರ್ತಿ, ಸಿಹಿ ಇನ್ನೂ ಕಡಿಮೆ. ಹುಣಸೆ ತೊಕ್ಕು ಎಲ್ಲಾ ತೊಕ್ಕಿಗಿಂತ ಹೆಚ್ಚು ದಿನ ಬಾಳೋದಕ್ಕೆ ಇದೇ ಮೂಲ.

ಇನ್ನು ಕೀಳುವ ವಿಚಾರ. ಹಣ್ಣಾದರೆ ಕೊಂಬೆ ಅಲುಗಿಸಿದರೆ ಉದುರುತ್ತೆ. ಹಸಿಕಾಯಿ ಉದುರೋದಿಲ್ಲ, ಕಿತ್ತೇ ತೆಗೆಯಬೇಕು. ಅದಕ್ಕಾಗಿ ಯಾರನ್ನೂ ಮರದ ತುದಿಗೆ ಹತ್ತಿಸಬೇಡಿ. ಹುಣಸೆ ಕೊಂಬೆ ಗಟ್ಟಿ, ಬಾಗುತ್ತೆ ಹೊರತು ಮುರಿಯೋದಿಲ್ಲ ಅನ್ನೋ ಧೈರ್ಯದಲ್ಲಿ ಹತ್ತಿ, ಕಾಲು ಜಾರಿ ಸೊಂಟ ಮುರಿದುಕೊಂಡವರು ನಮ್ಮ ಸುತ್ತಲ ಹಳ್ಳಿಗಳಲ್ಲಿ ಇದ್ದಾರೆ. ಒಂದು ಜಾಡಿ ತೊಕ್ಕಿಗೆ ಐದಾರು ಕಿಲೋ ಕಾಯಿ ಸಾಕು. ನೆಲದ ಮೇಲೆ ನಿಂತು ದೋಟಿಯಲ್ಲಿ ತಗ್ಗಿನ ಕೊಂಬೆಯಿಂದ ಇಳಿಸಿಕೊಳ್ಳಬಹುದು. ಇಬ್ಬನಿ ಆರಿದ ಮೇಲೆ ಕೀಳಿ.

ನೀರಿನ ಪಸೆಯೇ ಶತ್ರು

ಕಾಯಿಯನ್ನು ಎರಡು ನೀರಲ್ಲಿ ತೊಳೆದು ಧೂಳು ತೆಗೀರಿ. ಹುಳು ಕೊರೆದದ್ದು, ಕಪ್ಪು ಚುಕ್ಕೆ ಬಿದ್ದದ್ದು ಆರಿಸಿ ಬಿಸಾಡಿ. ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಬಟ್ಟೆ ಮೇಲೆ ಒಂದು ಹಗಲು ಹರವಿ. ಬಿಸಿಲಿಗೆ ಬೇಡ, ಸಿಪ್ಪೆ ಸುಕ್ಕಾಗಿ ಕುಟ್ಟಲು ಜಿಗುಟಾಗುತ್ತೆ. ಒರಳು, ಒನಕೆ, ಜಾಡಿ, ಸೌಟು ಎಲ್ಲವೂ ಹಿಂದಿನ ದಿನವೇ ತೊಳೆದು ಬಿಸಿಲಲ್ಲಿ ಒಣಗಿರಬೇಕು. ತೊಕ್ಕು ಕೆಟ್ಟ ಹತ್ತು ಮನೆಯಲ್ಲಿ ವಿಚಾರಿಸಿದರೆ ಒಂಬತ್ತರಲ್ಲಿ ಎಲ್ಲೋ ಒಂದು ಕಡೆ ಹಸಿ ಕೈ ಬಿದ್ದಿರುತ್ತೆ.

ಅಳತೆ ಹೇಳ್ತೇನೆ. ಒಂದು ಕಿಲೋ ಕಾಯಿಗೆ 200ರಿಂದ 250 ಗ್ರಾಂ ಕಲ್ಲುಪ್ಪು, ಎರಡು ಚಮಚ ಅರಿಶಿನ ಪುಡಿ. ಉಪ್ಪನ್ನು ಬಾಣಲೆಯಲ್ಲಿ ಚಟಪಟ ಅನ್ನೋದು ನಿಲ್ಲುವ ತನಕ ಹುರಿದು ಆರಿಸಿ. ಅದರ ತೇವ ಹೋಗಲಿ. ಕಾಯಿಯ ತೊಟ್ಟು, ಅಂಚಿನ ನಾರು ಎಳೆದು, ಎರಡು ಮೂರು ತುಂಡು ಮಾಡಿ, ಉಪ್ಪು ಅರಿಶಿನ ಸೇರಿಸಿ ಒರಳಲ್ಲಿ ಜಜ್ಜಿ. ಮೊದಲ ಸಲ ನುಣ್ಣಗೆ ಆಗಬೇಕಿಲ್ಲ, ತರಿ ತರಿ ಇದ್ದರೆ ಸಾಕು. ಮಿಕ್ಸಿಯಲ್ಲೂ ಆಗುತ್ತೆ ಅಂತಾರೆ. ಆಗುತ್ತೆ, ಆದರೆ ನಾರು ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತೆ. ಮಿಕ್ಸಿಯೇ ಗತಿ ಅನ್ನೋರು ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ.

ಜಜ್ಜಿದ್ದನ್ನು ಜಾಡಿಗೆ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ ಇಡಿ. ದಿನಕ್ಕೊಂದು ಸಲ ಒಣ ಮರದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆ ಎಳೆಯುತ್ತೆ, ತಿರುಳು ಮೆತ್ತಗಾಗಿ ನಾರನ್ನು ಬಿಡುತ್ತೆ. ನಾಲ್ಕನೇ ದಿನ ಹೊರಗೆ ತೆಗೆದು ನಾರು, ಪಿಕ್ಕ, ಗಟ್ಟಿ ಸಿಪ್ಪೆ ಆರಿಸಿ, ಉಳಿದದ್ದನ್ನು ನುಣ್ಣಗೆ ಕುಟ್ಟಿ. ಇದೇ ಮೂಲ ತೊಕ್ಕು. ಇದಕ್ಕೆ ಖಾರ ಇಲ್ಲ, ಎಣ್ಣೆ ಇಲ್ಲ.

ಇಲ್ಲಿ ಎರಡು ಪದ್ಧತಿ ಇದೆ. ಕೆಲವರು ಎರಡನೇ ಸಲ ಕುಟ್ಟುವಾಗಲೇ ಮೆಣಸಿನಕಾಯಿ, ಮೆಂತ್ಯ, ಇಂಗು ಎಲ್ಲಾ ಸೇರಿಸಿ ಮುಗಿಸಿಬಿಡ್ತಾರೆ. ನಮ್ಮ ಮನೆಯಲ್ಲಿ ಮೂಲವನ್ನು ಹಾಗೇ ದೊಡ್ಡ ಜಾಡಿಯಲ್ಲಿಟ್ಟು, ತಿಂಗಳಿಗೆ ಬೇಕಾದಷ್ಟು ಮಾತ್ರ ತೆಗೆದು ಒಗ್ಗರಣೆ ಹಾಕ್ತೀವಿ. ನನಗೆ ಇದೇ ಸರಿ ಕಾಣುತ್ತೆ. ಉಪ್ಪು ಹುಳಿ ಮಾತ್ರ ಇರುವ ಮೂಲ ವರ್ಷ ದಾಟಿದರೂ ಕೆಡೋದಿಲ್ಲ, ಬಣ್ಣ ಕಂದಿ ಕಪ್ಪಾಗುತ್ತೆ, ರುಚಿ ಮಾಗುತ್ತೆ. ಶೇಂಗಾ ಎಣ್ಣೆ ಹಾಗಲ್ಲ. ಗಾಳಿ ಬೆಳಕು ತಾಕ್ತಾ ತಾಕ್ತಾ ಅದು ಕಮಟು ಹಿಡಿಯುತ್ತೆ. ಅದರ ವಾಸನೆಯಿಂದ ಒಳ್ಳೇ ತೊಕ್ಕೂ ಬಿಸಾಡುವ ಹಾಗೆ ಆಗುತ್ತೆ.

ತಿಂಗಳ ತೊಕ್ಕಿಗೆ ಹೀಗೆ ಮಾಡಿ. ಕಾಲು ಕಿಲೋ ಮೂಲಕ್ಕೆ ಹತ್ತು ಹನ್ನೆರಡು ಹಸಿಮೆಣಸಿನಕಾಯಿ, ಅಥವಾ ಒಣಮೆಣಸಿನಕಾಯಿ ಪುಡಿ ನಿಮ್ಮ ನಾಲಿಗೆಗೆ ತಕ್ಕಷ್ಟು. ಹಸಿಮೆಣಸಿನಕಾಯನ್ನು ತೊಟ್ಟು ಇರುವಾಗಲೇ ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆ ತೊಟ್ಟು ಕೀಳಿ. ಮೊದಲೇ ತೊಟ್ಟು ಕಿತ್ತು ತೊಳೆದರೆ ಆ ತೂತಿನಲ್ಲಿ ನೀರು ಇಳಿದು ಕೂರುತ್ತೆ. ಒಂದು ಚಮಚ ಮೆಂತ್ಯ ಕೆಂಪಗೆ ಹುರಿದು ಪುಡಿ ಮಾಡಿ. ಕಪ್ಪಗಾದರೆ ಕಹಿ ಇಡೀ ಜಾಡಿಗೆ ಹತ್ತುತ್ತೆ. ಗಟ್ಟಿ ಇಂಗಿನ ಚೂರನ್ನು ಎಣ್ಣೆಯಲ್ಲಿ ಅರಳಿಸಿ ಪುಡಿ ಮಾಡಿ. ಎಲ್ಲಾ ಕಲೆಸಿ, ಸಾಸಿವೆ ಒಗ್ಗರಣೆಯ ಎಣ್ಣೆ ಚೆನ್ನಾಗಿ ಕಾದು, ಪೂರ್ತಿ ಆರಿದ ಮೇಲೆ ಸುರಿಯಿರಿ. ಬಿಸಿ ಎಣ್ಣೆ ಸುರಿದು ತಕ್ಷಣ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕೂತು ಹನಿ ಹನಿಯಾಗಿ ತೊಕ್ಕಿನೊಳಗೇ ಬೀಳುತ್ತೆ. ತೊಕ್ಕಿನ ಮೇಲೆ ಅರ್ಧ ಬೆರಳು ಎಣ್ಣೆ ನಿಲ್ಲಬೇಕು. ಬೂಸಲಿಗೆ ಗಾಳಿ ಬೇಕು, ಎಣ್ಣೆ ಆ ಗಾಳಿಯನ್ನು ತಡೆಯುತ್ತೆ. ಬೆಲ್ಲ ಹಾಕೋರು ಹಾಕಲಿ, ತಿಂಗಳ ತೊಕ್ಕಿಗೆ ಮಾತ್ರ, ಮೂಲಕ್ಕೆ ಬೇಡ.

ಪಾತ್ರೆ ಮತ್ತು ಬೂಸಲು

ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಫಳಫಳ ಹೊಳೆಯುತ್ತೆ. ಆ ಹೊಳಪು ಬರೋದು ಹುಳಿ ಮೇಲಿನ ಪದರವನ್ನು ಕರಗಿಸಿಕೊಂಡು ಹೋಗೋದರಿಂದ. ಹಾಗಾದರೆ ಅದೇ ಹುಳಿಯನ್ನು ತಿಂಗಳುಗಟ್ಟಲೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಡಬ್ಬಿಯಲ್ಲಿ ಇಟ್ಟರೆ ಏನಾಗುತ್ತೆ ಯೋಚಿಸಿ. ಲೋಹ ಕರಗಿ ತೊಕ್ಕಿಗೆ ಸೇರಿ ನಮ್ಮ ಹೊಟ್ಟೆಗೆ ಬರುತ್ತೆ. ಪಿಂಗಾಣಿ ಜಾಡಿ ಅಥವಾ ಗಾಜಿನ ಬಾಟಲಿ ಬಿಟ್ಟು ಬೇರೆ ಯಾವುದೂ ಬೇಡ. ಜಾಡಿಯ ಒಳಗಿನ ಮೆರುಗು ಸೀಳಿದ್ದರೆ ಅದೂ ಬೇಡ. ಇನ್ನೊಂದು ಮಾತನ್ನು ಕಟುವಾಗಿಯೇ ಹೇಳ್ತೇನೆ. ಔಷಧಿ ಹೊಡೆದು ಖಾಲಿಯಾದ ಕ್ಯಾನು, ಡಬ್ಬ ಎಷ್ಟು ಸಲ ತೊಳೆದರೂ ಅಡಿಗೆ ಮನೆಗೆ ತರಬಾರದು. ಗಟ್ಟಿ ಇದೆ, ಮುಚ್ಚಳ ಚೆನ್ನಾಗಿದೆ ಅಂತ ಅದರಲ್ಲಿ ಉಪ್ಪಿನಕಾಯಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪ್ಲಾಸ್ಟಿಕ್ಕು ವಿಷ ಹೀರಿಕೊಂಡಿರುತ್ತೆ, ಹುಳಿ ಎಣ್ಣೆ ಎರಡೂ ಅದನ್ನು ಹೊರಗೆ ಎಳೆಯುತ್ತವೆ.

ಮೇಲೆ ಬಿಳಿ, ಹಸಿರು ಹತ್ತಿಯಂಥ ಬೂಸಲು ಬಂದರೆ ಕೆರೆದು ತೆಗೆದು ಕೆಳಗಿನದನ್ನು ತಿನ್ನೋದು ಹಳೇ ರೂಢಿ. ಇದು ಬೇಡ. ಶೇಂಗಾ ಬೆಳೆಯುವ ನಮಗೆ ಅಫ್ಲಾಟಾಕ್ಸಿನ್ ಹೆಸರು ಗೊತ್ತು. ಬೂಸಲು ಹಿಡಿದ ಬೀಜದಲ್ಲಿ ಬರುವ ವಿಷ, ಕುದಿಸಿದರೂ ಹೋಗದು. ತೊಕ್ಕಿನ ಮೇಲಿನ ಬೂಸಲು ಅದೇ ಜಾತಿಯದೋ ಬೇರೆಯದೋ ಕಣ್ಣಿಗೆ ತಿಳಿಯೋದಿಲ್ಲ, ಅದರ ಬೇರು ಎಷ್ಟು ಆಳ ಇಳಿದಿದೆ ಅನ್ನೋದೂ ಕಾಣೋದಿಲ್ಲ. ತಿಂಗಳ ತೊಕ್ಕು ಆದರೆ ಹೋಗೋದು ಕಾಲು ಕಿಲೋ. ಮೂಲ ಬೇರೆ ಇಡೋದರ ಇನ್ನೊಂದು ಲಾಭ ಇದು. ನೊರೆ ಬಂದು ಹೆಂಡದ ವಾಸನೆ ಹೊಡೆದರೆ ಅದು ಉಪ್ಪು ಸಾಲದ್ದರ ಗುರುತು. ಅದನ್ನೂ ಬಿಸಾಡಿ.

ಮನೆಯಲ್ಲಿ ರಕ್ತದೊತ್ತಡದವರು ಇದ್ದಾರೆ, ಉಪ್ಪು ಕಡಿಮೆ ಮಾಡಬಹುದಾ ಅಂತ ಕೇಳ್ತಾರೆ. ಜಾಡಿಯಲ್ಲಿ ಕಡಿಮೆ ಮಾಡಬೇಡಿ, ತಟ್ಟೆಯಲ್ಲಿ ಕಡಿಮೆ ಮಾಡಿ. ತೊಕ್ಕು ಸಾರಲ್ಲ, ಬೆರಳ ತುದಿಯಷ್ಟು ನಂಜಿಕೊಳ್ಳುವ ಪದಾರ್ಥ. ಒತ್ತಡ ಜಾಸ್ತಿ ಇದ್ದವರಿಗೆ ಅದೂ ಬೇಡ. ಅವರಿಗೆ ಹುಣಸೆ ಚಿಗುರಿನ ಚಟ್ನಿಯನ್ನು ಉಪ್ಪು ಕಡಿಮೆ ಹಾಕಿ ಅಂದಂದಿಗೆ ಮಾಡಿಕೊಡಿ.

ಬೇರೆ ಕಾಯಿಗಳು

ಮಾವಿನ ತೊಕ್ಕಿಗೆ ನಾಟಿ ಹುಳಿಮಾವೇ ಬೇಕು, ಒಳಗೆ ಹಳದಿ ತಿರುಗಿದ ಕಾಯಿ ಬಂದರೆ ಸಕ್ಕರೆ ಅಂಶ ಏರಿ ನೊರೆ ಬರುತ್ತೆ. ತುರಿದು ಉಪ್ಪು ಹಾಕಿ, ನೀರು ಬಿಟ್ಟ ಮೇಲೆ ಎಣ್ಣೆಯಲ್ಲಿ ನೀರು ಇಂಗುವ ತನಕ ಬಾಡಿಸಿ. ಬೆಟ್ಟದ ನೆಲ್ಲಿಯನ್ನು ಹಬೆಯಲ್ಲಿ ಬೇಯಿಸಿ ಬೀಜ ಬಿಡಿಸಿ ಜಜ್ಜಿದರೆ ತೊಕ್ಕು ಸುಲಭ. ಆದರೆ ಹಬೆಯ ನೀರು ಆರಲು ಅರ್ಧ ದಿನ ಬಿಡಬೇಕು. ಕವಳೆಕಾಯಿ ತೊಟ್ಟಿನಿಂದ ಬರುವ ಬಿಳಿ ಹಾಲನ್ನು ಉಪ್ಪುನೀರಲ್ಲಿ ತೊಳೆದು ತೆಗೀರಿ. ಬೇಲದ ಹಣ್ಣನ್ನು ಬೆಲ್ಲ, ಉಪ್ಪು, ಮೆಣಸಿನಕಾಯಿ ಹಾಕಿ ಅಂದೇ ತಿಂದು ಮುಗಿಸೋದು ಒಳ್ಳೇದು, ಇಡಲು ಬರೋದಲ್ಲ.

ಮಾರಬೇಕು ಅನ್ನೋ ಸಂಘಗಳಿಗೆ ಒಂದು ಮಾತು. 2006ರ ಆಹಾರ ಸುರಕ್ಷತಾ ಕಾಯಿದೆ 2011ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಮಾಡಿ ಮಾರುವ ಸಣ್ಣವರೂ ಅದರಡಿ ನೋಂದಣಿ ಮಾಡಿಸಬೇಕು. ಮೊದಲ ವರ್ಷ ಹತ್ತಿಪ್ಪತ್ತು ಬಾಟಲಿ ಮಾತ್ರ ಮಾಡಿ, ಪ್ರತಿ ಸಲದ್ದರಲ್ಲೂ ಒಂದು ಬಾಟಲಿ ತಾರೀಖು ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ಯಾರಾದರೂ ಕೆಟ್ಟಿದೆ ಅಂತ ವಾಪಸ್ ತಂದರೆ ಮಾಡುವಾಗ ಕೆಟ್ಟದ್ದೋ, ಅವರ ಮನೆಯ ಹಸಿ ಚಮಚದಿಂದ ಕೆಟ್ಟದ್ದೋ ಆ ಬಾಟಲಿ ನೋಡಿದರೆ ತಿಳಿಯುತ್ತೆ.

ಹೊಸದಾಗಿ ಮರ ಹಾಕೋರು ಬೀಜದ ಸಸಿ ಹಾಕಿದರೆ ಎಂಟು ಹತ್ತು ವರ್ಷ ಕಾಯಬೇಕು, ಕಸಿ ಗಿಡ ಅದರ ಅರ್ಧ ಕಾಲಕ್ಕೆ ಕಾಯಿ ತೋರಿಸುತ್ತೆ. ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ಅಂಥ ಒಂದು ತಳಿ. ಆದರೂ ಊರಿನ ಒಳ್ಳೇ ಮರದ ಕಡ್ಡಿ ತಂದು ಕಸಿ ಕಟ್ಟಿಸೋದನ್ನು ಮರೆಯಬೇಡಿ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಅಲ್ಲಿಯ ಮರಗಳನ್ನು ನೋಡಿದರೆ ಹುಣಸೆ ಎಷ್ಟು ತಲೆಮಾರು ಬಾಳುತ್ತೆ ಅನ್ನೋದು ತಿಳಿಯುತ್ತೆ.

ಇನ್ನು ಕುಟ್ಟಿ ಆರಿಸಿದ ನಾರು, ಪಿಕ್ಕ, ಸಿಪ್ಪೆ ಉಳಿಯುತ್ತಲ್ಲ, ಅದನ್ನು ತಿಪ್ಪೆಗೆ ಹಾಕಬೇಡಿ, ದನದ ಬಾನಿಗೂ ಹಾಕಬೇಡಿ, ಉಪ್ಪು ತುಂಬಾ ಇರುತ್ತೆ. ಒಂದು ಮಡಕೆಯಲ್ಲಿ ಕಟ್ಟಿಟ್ಟರೆ ಹಿತ್ತಾಳೆ ಬಿಂದಿಗೆ, ತಾಮ್ರದ ಚೊಂಬು ತಿಕ್ಕಲು ಯುಗಾದಿ ತನಕ ಬರುತ್ತೆ.